ನೀರಿನೊಳಗೆ ಹಗುರ

ನಾದಿನಿಯ ಮಗಳ ಮದುವೆಗೆಂದು ಬಳೆ ಇಡಿಸಿಕೊಳ್ಳಲು ಹೋದ ದಿನ, ಚಿಂಚವಾಡದ ನಮ್ಮ ಗಲ್ಲಿಯ ಬಳೆಗಾರ್ತಿ ನನ್ನ ಅಳತೆ ಕೇಳಲೇ ಇಲ್ಲ. ಮದುವೆಯಾಗಿ ಪುಣೆಗೆ ಬಂದಾಗಿನಿಂದ ನಾನು ಆಕೆಯ ಹತ್ತಿರವೇ ಬಳೆ ಇಡಿಸಿಕೊಂಡವಳು. ಕೈ ಹಿಡಿದು ಒಮ್ಮೆ ಮೆಲ್ಲಗೆ ಹಿಚುಕಿ ನೋಡಿದಳು. ಆಮೇಲೆ ಯಾವಾಗಲೂ ತೆಗೆಯುವ ಡಬ್ಬಿ ಬಿಟ್ಟು ಕೆಳಗಿನ ಸಾಲಿನ ಡಬ್ಬಿಗೆ ಕೈ ಹಾಕಿದಳು. ಇವು ನನಗೆ ದೊಡ್ಡವಾಗುತ್ತವೆ ಎಂದು ಮರಾಠಿಯಲ್ಲಿ ಹೇಳಿದೆ. ಹಾಕಿ ನೋಡೋಣ ಎಂದಳು. ಹಾಕಿದ ಮೇಲೆ ಒಂದು ಬಳೆಯೂ ಸಡಿಲವಾಗಿರಲಿಲ್ಲ.

ಆಗ ನನಗೆ ನಲವತ್ತೇಳು. ದಪ್ಪಗಾಗಿದ್ದೇನೆಂದು ಗೊತ್ತಿರಲಿಲ್ಲವೆಂದಲ್ಲ. ಹಿಂದೆಲ್ಲ ದೀಪಾವಳಿಯ ಕರಿದ ತಿಂಡಿ ತಿಂದು ತೂಕ ಏರಿದರೆ, ಕೆಲವು ದಿನ ಸಂಜೆಯ ಚಹಾದ ಜೊತೆಗಿನ ಖಾರಿ ಬಿಸ್ಕತ್ತು ಬಿಟ್ಟರೆ ಸಾಕಿತ್ತು, ಮೈ ತಾನಾಗಿ ಮೊದಲಿನ ಜಾಗಕ್ಕೆ ಬರುತ್ತಿತ್ತು. ಈಗ ಖಾರಿ ಬಿಟ್ಟೆ, ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ. ಬೆಳಿಗ್ಗೆ ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದೆ. ಸಹಕಾರಿ ಬ್ಯಾಂಕಿನಲ್ಲಿ ನನ್ನ ಪಕ್ಕದ ಟೇಬಲಿನಾಕೆ ತಿನ್ನುವ ನವಣೆಯ ಉಪ್ಪಿಟ್ಟನ್ನೂ ತಿಂದೆ. ಮಗಳು ನನ್ನ ಫೋನಿನಲ್ಲಿ ಊಟದ ಲೆಕ್ಕ ಇಡುವ ಒಂದು ಆ್ಯಪ್ ಹಾಕಿಕೊಟ್ಟಳು. ಅದು ಜೋಳದ ರೊಟ್ಟಿ ಎಷ್ಟು ಗ್ರಾಂ ಎಂದು ಕೇಳುತ್ತಿತ್ತು. ನಮ್ಮ ಮನೆಯಲ್ಲಿ ರೊಟ್ಟಿಯನ್ನು ತೂಗಿದವರು ಯಾರೂ ಇರಲಿಲ್ಲ. ನಾಲ್ಕು ದಿನ ತೋಚಿದ್ದು ಬರೆದು ಸುಮ್ಮನಾದೆ. ತಿಂಗಳ ಕೊನೆಗೆ ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಇದ್ದಲ್ಲೇ ಇರುತ್ತಿತ್ತು, ಇಲ್ಲವೆ ಸ್ವಲ್ಪ ಮುಂದೆ.

ನನ್ನ ಯಜಮಾನರಿಗೆ ಇದರಿಂದ ಬೇರೆಯೇ ತೊಂದರೆಯಾಯಿತು. ಅವರು ಪಿಂಪ್ರಿಯ ಕಾರ್ಖಾನೆಗಳಿಗೆ ಯಂತ್ರದ ಬಿಡಿಭಾಗ ಪೂರೈಸುವ ಸಣ್ಣ ವ್ಯಾಪಾರಸ್ಥರು. ಸಂಜೆ ಮನೆಗೆ ಬಂದರೆ ನಾವಿಬ್ಬರೂ ಎದುರುಬದುರು ಕೂತು ಏನಾದರೂ ತಿನ್ನುತ್ತಾ ಆ ದಿನದ ಸುದ್ದಿ ಹೇಳಿಕೊಳ್ಳುವುದು ಮೊದಲಿನಿಂದ ಬಂದ ರೂಢಿ. ನಾನು ತಿನ್ನುವುದು ಬಿಟ್ಟ ಮೇಲೆ ಅವರು ಒಬ್ಬರೇ ತಿಂದರು. ಮಾತು ಕಡಿಮೆಯಾಯಿತು. ನೀ ತಿನ್ನದಿದ್ದರೆ ನನಗೂ ಬೇಡ ಎಂದು ಒಮ್ಮೆ ತಟ್ಟೆ ಸರಿಸಿ ಎದ್ದುಹೋದರು.

ಕೊನೆಗೆ ಚಿಂಚವಾಡ ಸ್ಟೇಷನ್ನಿನ ಹತ್ತಿರದ ಡಾಕ್ಟರಮ್ಮನ ಬಳಿ ಹೋದೆ. ಆಕೆ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದಿದ್ದೀರಿ, ಇನ್ನೂ ಒಳಗೆ ಹೋಗಿಲ್ಲ ಎಂದರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಮೊದಲಿನಷ್ಟು ಬೇಗ ಕರಗಿಸುವುದಿಲ್ಲ, ಸ್ನಾಯುಗಳು ಸಣ್ಣಗಾಗುತ್ತವೆ, ತಿನ್ನುವುದು ಅಷ್ಟೇ ಇದ್ದರೂ ಮೈಗೆ ಕೂಡಿಕೊಳ್ಳುತ್ತದೆ ಎಂದು ಸಾವಧಾನವಾಗಿ ತಿಳಿಸಿದರು. ಉಪವಾಸ ಬೇಡ, ಬೇಳೆಕಾಳು ಮೊಸರು ಹೆಚ್ಚಿಗೆ ತಿನ್ನಿ, ಮೈಗೆ ಕೆಲಸ ಕೊಡಿ ಎಂದರು. ಬಹಳ ನಡೆಯಲು, ಮೆಟ್ಟಿಲು ಹತ್ತಲು ನನ್ನ ಮೊಣಕಾಲು ಒಪ್ಪುವುದಿಲ್ಲವೆಂದೆ. ಹಾಗಾದರೆ ಈಜು ಬರುತ್ತದೆಯೇ ಎಂದು ಕೇಳಿದರು.

ಬರುತ್ತದೆ ಎಂದೆ. ಹಾಗೆ ಅಂದದ್ದು ನನಗೇ ಹೊಸದಾಗಿ ಕೇಳಿಸಿತು. ಪುಣೆಯಲ್ಲಿ ನನಗೆ ಈಜು ಬರುತ್ತದೆಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಯಜಮಾನರು ನನ್ನ ಕಡೆ ತಿರುಗಿ ನೋಡಿದರು. ಹೊರಗೆ ಬಂದ ಮೇಲೆ, ಇಷ್ಟು ವರ್ಷ ಒಮ್ಮೆಯೂ ಹೇಳಲಿಲ್ಲವಲ್ಲ ಎಂದರು. ಯಾರೂ ಕೇಳಿರಲಿಲ್ಲ. ಹೇಳುವಂಥ ಸಂದರ್ಭವೂ ಬಂದಿರಲಿಲ್ಲ.

ನನಗೆ ಈಜು ಕಲಿಸಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ನಮ್ಮೂರು ಘಟಪ್ರಭಾ ನದಿಯ ಕಡೆಗೆ. ನಾವೆಲ್ಲ ಅವಳನ್ನು ಅತ್ತಿ ಎಂದೇ ಕರೆಯುತ್ತಿದ್ದೆವು. ಹರೆಯ ತುಂಬುವ ಮೊದಲೇ ಗಂಡ ತೀರಿಹೋಗಿ ತವರಿಗೆ ಬಂದವಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ಕಡ್ಡಿಯ ಹಾಗಿದ್ದಳು. ಊರಿನಲ್ಲಿ ಯಾರ ಬಾವಿಯಲ್ಲಿ ಕೊಡ ಬಿದ್ದರೂ ಅತ್ತಿಯನ್ನೇ ಕರೆಯುತ್ತಿದ್ದರು. ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿ ಅರ್ಧ ದಿನ ತಡಕಾಡುವ ಬದಲು, ಅತ್ತಿ ಸೀರೆಯ ಕಚ್ಚೆ ಬಿಗಿದು ಧುಮುಕಿ, ಒಂದೇ ಉಸಿರಿನಲ್ಲಿ ಕೊಡದ ಕಂಠ ಹಿಡಿದು ಮೇಲೆ ಬರುತ್ತಿದ್ದಳು. ಮೇಲೆ ನಿಂತ ಗಂಡಸರು ಆಗ ಬೇರೆ ಕಡೆ ನೋಡುತ್ತಿದ್ದರು. ಕೊಡ ಕೊಟ್ಟು, ಒದ್ದೆ ಸೀರೆಯಲ್ಲೇ ಯಾರ ಜೊತೆಗೂ ಮಾತಾಡದೆ ಮನೆಗೆ ನಡೆಯುತ್ತಿದ್ದಳು.

ನಮ್ಮ ಹೊಲದಲ್ಲಿ ಮೆಟ್ಟಿಲಿದ್ದ ದೊಡ್ಡ ಬಾವಿಯಿತ್ತು. ಬಟ್ಟೆ ಒಗೆಯಲು ಹೋದಾಗ ಅತ್ತಿ ನನ್ನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದಳು. ನಾನು ಕೈಕಾಲು ಬಡಿದು ಅಳುತ್ತಿದ್ದೆ. ಅವಳು ಕೊನೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಕುಸುಬುತ್ತಾ, ನೀರಿನ ಕೂಡ ಜಗಳ ಮಾಡಬೇಡ ಎನ್ನುತ್ತಿದ್ದಳು. ಒಂದು ದಿನ ನನಗೆ ತಿಳಿಯದ ಹಾಗೆ ಬುರುಡೆ ಬಿಚ್ಚಿಬಿಟ್ಟಳು. ನಾನು ಆಚೆಯ ಗೋಡೆ ಮುಟ್ಟಿ ತಿರುಗಿ ನೋಡಿದರೆ ಬುರುಡೆ ಅವಳ ಪಕ್ಕದಲ್ಲಿತ್ತು.

ಈಜಿ ಮೇಲೆ ಬಂದಾಗಿನ ಹಸಿವು ಈಗಲೂ ನೆನಪಿದೆ. ತುಟಿ ನೀಲಿಯಾಗಿ, ಮೈಯೆಲ್ಲ ನಡುಗುತ್ತಾ ಬಿಸಿಲಿನಲ್ಲಿ ಕೂತರೆ ಅತ್ತಿ ಬುತ್ತಿ ಬಿಚ್ಚುತ್ತಿದ್ದಳು. ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ, ಕೈಯಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ನಾನು ತಿನ್ನುತ್ತಿದ್ದೆ, ತಿನ್ನುತ್ತಲೇ ಇರುತ್ತಿದ್ದೆ. ಅವಳು ಬುತ್ತಿಯ ಬಟ್ಟೆ ನನ್ನ ಕಡೆಗೆ ಸರಿಸುತ್ತಾ ಹೋಗುತ್ತಿದ್ದಳು. ಅಷ್ಟು ತಿಂದರೂ ಮರುದಿನ ನನ್ನ ಪಕ್ಕೆಲುಬು ಎಣಿಸಬಹುದಿತ್ತು. ನಾನು ದೊಡ್ಡವಳಾದ ಮೇಲೆ ಅವ್ವ ಬಾವಿಗೆ ಹೋಗುವುದನ್ನು ನಿಲ್ಲಿಸಿದಳು. ಅದಾದ ಮೇಲೆ ನಾನು ನೀರಿಗೆ ಇಳಿದಿರಲಿಲ್ಲ.

ಮಹಾನಗರಪಾಲಿಕೆಯ ಈಜುಕೊಳದಲ್ಲಿ ಸಂಜೆ ಹೆಂಗಸರ ಬ್ಯಾಚು ಇತ್ತು. ಪಿಂಪ್ರಿ ಮಾರ್ಕೆಟ್ಟಿಗೆ ಮಗಳನ್ನು ಕರೆದುಕೊಂಡು ಹೋಗಿ, ಮೊಣಕಾಲಿನವರೆಗೆ ಬರುವ, ಉದ್ದ ತೋಳಿನ ಕರಿಯ ಈಜುಡುಗೆ ಕೊಂಡೆ. ಅಂಗಡಿಯವನು ಇದ್ದುದರಲ್ಲಿ ದೊಡ್ಡದನ್ನು ಮಾಳಿಗೆಯ ಮೇಲಿಂದ ತರಿಸಬೇಕಾಯಿತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಾಗ ನನಗೆ ನನ್ನ ಅವ್ವ ಕಂಡಳು, ನಾನು ಕಾಣಲಿಲ್ಲ. ಆ ದಿನ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಮಗಳೇ ಚೀಲ ತುಂಬಿ ಬಾಗಿಲಲ್ಲಿಟ್ಟಳು.

ಕಲಿಸುವ ಹುಡುಗಿ ಮೊದಲ ಬಾರಿಗೆ ಬಂದವರನ್ನೆಲ್ಲ ಆಳ ಕಡಿಮೆಯಿರುವ ಕಡೆ ನಿಲ್ಲಿಸಿದ್ದಳು. ನನಗೆ ಈಜು ಬರುತ್ತದೆಂದು ಹೇಳಿ ನಾನು ಆಳದ ಕಡೆ ಹೋದೆ. ಗೋಡೆಗೆ ಕಾಲು ಒತ್ತಿ ಮುಂದೆ ಹಾರಿದೆ. ತೋಳು ಎರಡು ಸಲ ತಿರುಗಿದವು, ಅಷ್ಟೇ. ಉಸಿರು ಕಟ್ಟಿತು, ಎದೆ ಡವಗುಟ್ಟಿತು, ಮೂಗಿನಲ್ಲಿ ನೀರು ಹೋಯಿತು. ಕಲಿಸುವ ಹುಡುಗಿ ಬಿದಿರಿನ ಕೋಲು ಚಾಚಿದಳು. ಅದನ್ನು ಹಿಡಿದು ದಡಕ್ಕೆ ಬಂದೆ. ಕಾಕೂ, ಸಾವಕಾಶ ಎಂದು ಅವಳು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಮರಾಠಿಯಲ್ಲಿ ಸಮಾಧಾನ ಮಾಡಿದಳು. ನಾನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಶವರಿನ ಕೆಳಗೆ ನಿಂತು ಅತ್ತೆ. ಒಂದು ಸಂಗತಿ ಮಾತ್ರ ನನ್ನ ಬಳಿ ಭದ್ರವಾಗಿದೆ ಎಂದು ಅಂದುಕೊಂಡಿದ್ದೆ. ಅದೂ ಇರಲಿಲ್ಲ.

ಆದರೂ ಹೋದೆ. ಹೊಸಬರ ಸಾಲಿನಲ್ಲಿ ನಿಂತು, ಕಂಬಿ ಹಿಡಿದು ಕಾಲು ಬಡಿಯುವುದರಿಂದ ಶುರು ಮಾಡಿದೆ. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಕಲಿಸುವ ಹುಡುಗಿ ಅಂಗಾತ ತೇಲಲು ಹೇಳಿದಳು. ಕಿವಿ ನೀರಿನೊಳಗೆ ಮುಳುಗಿದ ಕೂಡಲೇ ಎಲ್ಲ ಸದ್ದೂ ನಿಂತಿತು. ಅವಳು ಬೆನ್ನ ಕೆಳಗಿನ ಕೈ ತೆಗೆದದ್ದು ನನಗೆ ಗೊತ್ತಾಗಲಿಲ್ಲ. ಚಿಕ್ಕವಳಿದ್ದಾಗ ಇಷ್ಟು ಸಲೀಸಾಗಿ ತೇಲುತ್ತಿರಲಿಲ್ಲ, ಆಗ ಎಲುಬಿನ ಮೈ ಮುಳುಗುತ್ತಿತ್ತು. ಈಗ ದಿನವಿಡೀ ಮೊಣಕಾಲಿನ ಮೇಲೆ ಹೊತ್ತು ತಿರುಗಿದ ಭಾರವನ್ನು ನೀರು ತಾನು ಹೊತ್ತುಕೊಂಡಿತ್ತು. ಮೇಲೆ ತಗಡಿನ ಚಾವಣಿ, ಅದರ ಆಚೆ ಪುಣೆಯ ಬಣ್ಣವಿಲ್ಲದ ಆಕಾಶ. ನನಗೆ ಅತ್ತಿಯನ್ನು ನೋಡಬೇಕು ಅನ್ನಿಸಿತು. ತಡೆಯಲಾರದಷ್ಟು ಅನ್ನಿಸಿತು.

ಅತ್ತಿ ಆಗ ಊರಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಳು. ಎಪ್ಪತ್ತೈದು ದಾಟಿತ್ತು. ಫೋನ್ ಮಾಡಿ, ಈಜಾಡಲು ಹೋಗುತ್ತಿದ್ದೇನೆ ಎಂದು ಹೇಳಿದೆ. ಯಾರ ಬಾವಿ ಎಂದು ಕೇಳಿದಳು. ಬಾವಿಯಲ್ಲ, ಕಟ್ಟಿಸಿದ ಕೊಳ, ತಳಕ್ಕೆಲ್ಲ ನೀಲಿ ಫರಸಿ ಹಾಕಿದ್ದಾರೆ ಎಂದೆ.

"ತಳಾ ಕಾಣ್ತದ ಏನು?"

"ಕಾಣ್ತದ ಅತ್ತಿ."

"ಹಂಗಾದ್ರ ಕೊಡಾ ತಗಿಯೂದು ಭಾಳ ಹಗರ," ಎಂದಳು.

ಆ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಪುಣೆಯಲ್ಲೇ ಮಾಡಿಸೋಣ ಎಂದು ನಾನು ಅಣ್ಣನಿಗೆ ಹಟ ಹಿಡಿದು ಹೇಳಿ, ಮಳೆಗಾಲ ಮುಗಿದ ಮೇಲೆ ಅವಳನ್ನು ಕರೆಸಿಕೊಂಡೆ. ಬಸ್ಸಿನಿಂದ ಇಳಿದವಳು ಮಬ್ಬುಗಣ್ಣಿನಿಂದ ನನ್ನ ಮುಖ ಹುಡುಕಿ, ನನ್ನ ತೋಳನ್ನು ಭುಜದಿಂದ ಮೊಣಕೈವರೆಗೆ ಸವರಿದಳು. ಈಗ ಮನುಷ್ಯರ ಹಾಗೆ ಆಗಿದ್ದೀ ಎಂದಳು. ನಾನು ಎರಡು ವರ್ಷದಿಂದ ಕರಗಿಸಲು ಒದ್ದಾಡುತ್ತಿದ್ದುದನ್ನು ಮುಟ್ಟಿ ಅವಳು ಸಂತೋಷಪಟ್ಟಳು.

ಆ ಸಂಜೆ ಊಟಕ್ಕೆ ಕೂತಾಗ ಅವಳಿಗೆ, ಯಜಮಾನರಿಗೆ, ಮಗಳಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ನಾನು ಒಂದು ಬಟ್ಟಲು ಹೆಸರುಕಾಳು ಮತ್ತು ಹೆಚ್ಚಿದ ಸೌತೆಕಾಯಿ ತೆಗೆದುಕೊಂಡೆ. ಡಾಕ್ಟರಮ್ಮ ಉಪವಾಸ ಬೇಡವೆಂದಿದ್ದರೂ, ತೂಕದ ಮುಳ್ಳು ಬೇಗ ಇಳಿಯುತ್ತಿಲ್ಲವೆಂಬ ಹಟಕ್ಕೆ ನಾನು ರಾತ್ರಿಯೂಟದಲ್ಲಿ ರೊಟ್ಟಿ ಬಿಟ್ಟಿದ್ದೆ. ಅತ್ತಿಯ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ನಾನು ರೊಟ್ಟಿ ಮುರಿಯುವ ಸದ್ದು ಕೇಳಲಿಲ್ಲವಲ್ಲ. ನೀ ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿದಳು. ತೂಕ ಇಳಿಸಬೇಕು, ಸಕ್ಕರೆ ಕಾಯಿಲೆ ಬರುವಂತಿದೆ ಎಂದೆಲ್ಲ ತಿಳಿಸಿದೆ. ಅವಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ಯಾರರ ನಿನಗ ಉಣಬ್ಯಾಡ ಅಂದಾರೇನು?" ಎಂದು ಕೇಳಿದಳು. ಅವಳ ದನಿ ನನ್ನ ಯಜಮಾನರ ಕಡೆ ತಿರುಗಿತ್ತು.

"ಇಲ್ಲ ಅತ್ತಿ, ನಾನಾ ಬಿಟ್ಟೀನಿ," ಎಂದೆ. ಯಜಮಾನರು ಗಾಬರಿಯಾಗಿ, ನಾವ್ಯಾರೂ ಅಂದಿಲ್ರಿ, ನಾನಂತೂ ತಿನ್ನು ಅಂತ ದಿನಾ ಬಡಕೊಳ್ಳಾಕತ್ತೀನಿ ಎಂದರು.

ಆಗ ಅವಳು ಹೇಳಿದಳು. ಗಂಡ ಸತ್ತು ತವರಿಗೆ ಬಂದ ಮೇಲೆ ಅವಳ ಅವ್ವ, ಅಂದರೆ ನನ್ನ ಅಜ್ಜಿ, ಅವಳಿಗೆ ಒಂದೇ ಹೊತ್ತು ಹೊಟ್ಟೆತುಂಬ ಹಾಕುತ್ತಿದ್ದಳಂತೆ. ಗಂಡನನ್ನು ಕಳೆದುಕೊಂಡವಳು ಎರಡೂ ಹೊತ್ತು ಉಂಡು ಮೈ ತುಂಬಿಕೊಂಡರೆ ನೋಡಿದವರು ಏನಂದಾರು ಎಂಬ ಅಂಜಿಕೆ ಅಜ್ಜಿಗೆ. ಹದಿನೆಂಟರ ಹುಡುಗಿ, ದಿನವೆಲ್ಲ ಹೊಲದಲ್ಲಿ ದುಡಿಯುವವಳು. ಅಜ್ಜಿ ಇರುವವರೆಗೂ ಹಾಗೇ ನಡೆಯಿತಂತೆ. ಅಜ್ಜಿ ಹೋದ ಮೇಲೆ ಅವಳಿಗೆ ಎರಡನೆಯ ಹೊತ್ತು ಉಣ್ಣುವ ರೂಢಿಯೇ ತಪ್ಪಿಹೋಗಿತ್ತು.

"ಹಸದಾಗೆಲ್ಲ ಬಾವ್ಯಾಗ ಇಳೀತಿದ್ದೆ," ಎಂದಳು. "ನೀರಾಗ ಇದ್ರ ಹೊಟ್ಟಿ ಸುಮ್ಮನಿರ್ತಿತ್ತು. ನೀ ಉಣ್ಣೂದು ನೋಡಿದ್ರ ನನಗ ಉಂಡಂಗ ಆಗ್ತಿತ್ತು. ಈಗ ನೋಡಾಕ ಬಂದೀನಿ, ನೀ ಸೌತಿಕಾಯಿ ತಿನ್ನಾಕತ್ತಿ."

ನನ್ನ ಬಾಲ್ಯದ ಅತಿ ಸುಖದ ಹೊತ್ತು ಯಾವುದೆಂದು ಕೇಳಿದರೆ ಆ ಬಾವಿಯ ಕಟ್ಟೆಯ ಬಿಸಿಲೇ ಎಂದು ನಾನು ಹೇಳುತ್ತಿದ್ದೆ. ಅದೇ ಬಿಸಿಲಿನಲ್ಲಿ ಪಕ್ಕದಲ್ಲಿ ಕೂತವಳು ಹಸಿದಿದ್ದಳು. ನಾನು ಎದ್ದು ಒಳಗೆ ಹೋಗಿ ಒಂದು ರೊಟ್ಟಿ ತಂದು ಅವಳ ಎದುರಿಗೆ ಕೂತು ತಿಂದೆ. ಅವಳು ಸದ್ದು ಕೇಳುತ್ತಾ ತನ್ನ ತುತ್ತು ಮತ್ತೆ ಎತ್ತಿಕೊಂಡಳು. ಅವಳಿದ್ದಷ್ಟು ದಿನ ನಾನು ಆ ಹೊತ್ತಿಗೆ ರೊಟ್ಟಿ ತಿಂದೆ. ಯಜಮಾನರೂ ಮೊದಲಿನ ಹಾಗೆ ಕೂತು ಮಾತಾಡತೊಡಗಿದರು. ತೂಕದ ಮುಳ್ಳು ಅದರಿಂದ ಮುಂದೆ ಹೋಗಲೂ ಇಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮನೆಯ ಗೋಡೆ, ಪಾತ್ರೆ, ನನ್ನ ಮಗಳ ಉಗುರಿನ ಬಣ್ಣ ಎಲ್ಲವನ್ನೂ ಹತ್ತಿರ ಹೋಗಿ ನೋಡಿದಳು. ನನ್ನ ಕೊಳ ನೋಡಬೇಕೆಂದಳು. ಕಣ್ಣಿಗೆ ನೀರು ತಾಕಬಾರದೆಂದು ಡಾಕ್ಟರು ಹೇಳಿದ್ದರು. ದಡದ ಬೆಂಚಿನ ಮೇಲೆ ಕೂರುವುದಾದರೆ ಸರಿ ಎಂದು ಮಾತು ತೆಗೆದುಕೊಂಡು ಕರೆದೊಯ್ದೆ. ಕರಿ ಕನ್ನಡಕ ಹಾಕಿಕೊಂಡು, ಸೆರಗು ಹೊದ್ದು ಕೂತಳು. ನಾನು ನೀರಿಗಿಳಿದು ಆಚೆಯ ದಡಕ್ಕೆ ಹೋಗಿ, ಅಲ್ಲಿ ದಣಿವಾರಿಸಿಕೊಂಡು ವಾಪಸು ಬಂದೆ. ತಲೆ ಎತ್ತಿ ನೋಡಿದಾಗ ಅವಳು ಬೆಂಚಿನ ಮೇಲೆ ಇರಲಿಲ್ಲ. ಕೊಳದ ಅಂಚಿನಲ್ಲಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಎರಡೂ ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದಳು. ಕಲಿಸುವ ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಸೀರೆಯಲ್ಲಿ ನೀರಿಗಿಳಿಯುವಂತಿಲ್ಲ ಎಂಬ ನಿಯಮ ಹೇಳಿದಳಂತೆ. ಅತ್ತಿಗೆ ಮರಾಠಿ ಬರುತ್ತಿರಲಿಲ್ಲ. ಕಾಲಷ್ಟೇ ತಾನೆ ಎಂದು ಹುಡುಗಿಯೂ ಬಿಟ್ಟಿದ್ದಳು.

ನಾನು ಅವಳ ಕಾಲ ಬಳಿ ಬಂದು ನಿಂತೆ. ನೀರಿಗೆ ಔಷಧದ ವಾಸನೆ ಇದೆ ಎಂದಳು. ನೀ ಕಾಲು ಬಹಳ ಬಡಿಯುತ್ತೀ, ಅದಕ್ಕೇ ಬೇಗ ದಣಿಯುತ್ತೀ ಎಂದಳು. ಹೇಳುತ್ತಾ ತನ್ನ ಕಾಲುಗಳನ್ನು ನೀರಿನೊಳಗೆ ಮೆಲ್ಲಗೆ ಆಡಿಸಿದಳು. ಆ ಸಣ್ಣ ಕಾಲುಗಳಿಗೆ ಎಲ್ಲವೂ ನೆನಪಿತ್ತು. ಕರಿ ಕನ್ನಡಕದ ಹಿಂದೆ ಅವಳ ಕಣ್ಣು ಎಲ್ಲಿ ನೋಡುತ್ತಿದ್ದವೋ ಕಾಣಲಿಲ್ಲ. ಬಾಯಿ ಮಾತ್ರ ಸ್ವಲ್ಪ ತೆರೆದಿತ್ತು, ನೀರಿಗೆ ಹಾರುವ ಮೊದಲು ಉಸಿರು ತೆಗೆದುಕೊಳ್ಳುವವರ ಹಾಗೆ.

"ಬ್ಯಾಸಿಗ್ಯಾಗ ಬರ್ತೀನಿ," ಎಂದಳು. "ಆ ಕರೇ ಅಂಗಿ ನನಗೂ ಒಂದು ತಂದಿಡು."

ಮಗಳು ಮರುವಾರವೇ ಪಿಂಪ್ರಿಗೆ ಹೋಗಿ ತಂದಳು. ಅತ್ತಿ ಎಷ್ಟು ಸಣ್ಣಗಿದ್ದಳೆಂದರೆ ಶಾಲೆಯ ಹುಡುಗಿಯರ ಅಳತೆಯದೇ ಸಾಕಾಯಿತು. ಅದನ್ನು ಮೈಗೆ ಹಿಡಿದು ನೋಡಿ ನಕ್ಕು, ಇಲ್ಲೇ ಇರಲಿ ಎಂದು ನನ್ನ ಕೈಗೆ ಕೊಟ್ಟು ಊರಿಗೆ ಹೋದಳು.

ಬೇಸಿಗೆ ಬರುವ ಮೊದಲೇ, ಸಂಕ್ರಾಂತಿ ಕಳೆದ ಕೆಲವು ದಿನಕ್ಕೆ, ಅಂಗಳದಲ್ಲಿ ಕಾಲು ಜಾರಿ ಬಿದ್ದು ಅವಳ ಸೊಂಟದ ಎಲುಬು ಮುರಿಯಿತು. ನಾನು ಹೋಗಿ ಹತ್ತಿರ ಕೂತಿದ್ದೆ. ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನಿಸಿದೆ. ಕೊನೆಕೊನೆಗೆ ಅದನ್ನೂ ಸಾಕೆಂದಳು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಹೊಲಕ್ಕೆ ಹೋದೆ. ಬಾವಿಯ ಮೇಲೆ ಈಗ ಕಬ್ಬಿಣದ ಜಾಳಿಗೆ ಹಾಕಿದ್ದಾರೆ, ಮೋಟರಿನ ಪೈಪು ಒಂದೇ ಒಳಗೆ ಇಳಿಯುತ್ತದೆ. ಜಾಳಿಗೆಯ ಮೇಲೆ ಬಗ್ಗಿ ನೋಡಿದೆ. ನೀರು ಇತ್ತು, ತುಂಬ ಇತ್ತು.

ಪುಣೆಗೆ ಬಂದ ಮೇಲೆ ನಾನು ಕೊಳಕ್ಕೆ ಹೋಗಲಿಲ್ಲ. ಬ್ಯಾಂಕು, ಮನೆ, ಟಿವಿ. ಕಂಡದ್ದನ್ನು ತಿಂದೆ. ಅಷ್ಟು ಕಷ್ಟಪಟ್ಟು ಇಳಿಸಿದ್ದ ಅಲ್ಪಸ್ವಲ್ಪ ತೂಕ ಕೆಲವೇ ವಾರಗಳಲ್ಲಿ ವಾಪಸು ಬಂತು. ಡಾಕ್ಟರಮ್ಮ ಬೈಯಲಿಲ್ಲ. ಈ ವಯಸ್ಸಿನಲ್ಲಿ ಮೈ ಹೀಗೇ, ನಿಲ್ಲಿಸಿದರೆ ಕಾಯುವುದಿಲ್ಲ, ಮತ್ತೆ ಶುರು ಮಾಡಿ ಎಂದರು. ಒಂದು ಸಂಜೆ ಯಜಮಾನರು ಬೇಗ ಬಂದು, ಚಹಾ ಕೂಡ ಕುಡಿಯದೆ, ನಡಿ ಬಿಟ್ಟು ಬರ್ತೀನಿ ಎಂದು ಗಾಡಿ ತೆಗೆದರು.

ಆ ದಿನ ನೀರು ಬಹಳ ತಣ್ಣಗಿತ್ತು. ಕಾಲು ಹೆಚ್ಚು ಬಡಿಯದೆ ಹೋದೆ. ಒಂದು ದಡದಿಂದ ಇನ್ನೊಂದು ದಡದವರೆಗೆ, ನಿಲ್ಲದೆ. ಆಚೆಯ ಗೋಡೆ ಮುಟ್ಟಿ ತಿರುಗಿದಾಗ ಬೆಂಚು ಖಾಲಿ ಇತ್ತು. ಯಾರಿಗೂ ನಾನು ಅಲ್ಲಿಯವರೆಗೆ ಬಂದದ್ದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಂತು, ಮತ್ತೆ ಈಜಿದೆ.

ಈಗಲೂ ಹೋಗುತ್ತೇನೆ. ರಕ್ತದ ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿದೆ. ತೂಕ ಅಷ್ಟೇನೂ ಇಳಿದಿಲ್ಲ. ಮೊಣಕಾಲು ನೋವು ಕಡಿಮೆ. ಎರಡು ಹೊತ್ತೂ ಉಣ್ಣುತ್ತೇನೆ, ಲೆಕ್ಕ ಇಡುವುದಿಲ್ಲ, ಹೊಟ್ಟೆ ಸಾಕೆಂದಲ್ಲಿ ಏಳುತ್ತೇನೆ.

ಮೊನ್ನೆ ಕೊಳದಿಂದ ಮನೆಗೆ ಬರುವಾಗ ಗಾಡಿಯಲ್ಲಿ ಯಜಮಾನರು, ನಿಮ್ಮ ಅತ್ತಿ ಹರೇದಾಗ ಹ್ಯಾಂಗಿದ್ರು ಎಂದು ಕೇಳಿದರು. ಹೇಳಲು ಹೊರಟೆ, ಆದರೆ ನನಗೆ ಗೊತ್ತಿಲ್ಲ. ನಾನು ಹುಟ್ಟುವ ಹೊತ್ತಿಗೆ ಅವಳ ಹರೆಯ ಮುಗಿಯುತ್ತ ಬಂದಿತ್ತು. ಮದುವೆಯಲ್ಲಿ ತೆಗೆಸಿದ ಫೋಟೋ ಇತ್ತೋ ಇಲ್ಲವೋ, ಇದ್ದರೂ ಗಂಡ ಹೋದ ಮೇಲೆ ಯಾರೂ ಇಟ್ಟುಕೊಳ್ಳಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಹಳೆಯ ಪೆಟ್ಟಿಗೆಗಳಲ್ಲಿ ನೋಡಲು ಹೇಳಿದ್ದೇನೆ. ಆ ಹದಿನೆಂಟರ ಹುಡುಗಿಯ ಮುಖ ನನಗೆ ಒಮ್ಮೆ ನೋಡಬೇಕಾಗಿದೆ. ಸಿಗುವುದಿಲ್ಲ ಎಂದು ಅವನು ಹೇಳುತ್ತಾನೆ. ಆದರೂ ಹುಡುಕು ಎಂದಿದ್ದೇನೆ.